ಅವರ ಉಳಿತಾಯ ಅಟ್ಟದ ಮೇಲಿದೆ

ಮನೆಯ ಹಣಕಾಸು: ಓದುಗರ ಪ್ರಶ್ನೆಗಳಿಗೆ ನಿವೃತ್ತ ಬ್ಯಾಂಕ್ ವ್ಯವಸ್ಥಾಪಕಿಯ ಉತ್ತರ

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. 2012ರಲ್ಲಿ ಸೇವೆಗೆ ಸೇರಿದೆ. ಕಡಿತಗಳೆಲ್ಲ ಹೋಗಿ ತಿಂಗಳಿಗೆ 60,000 ರೂಪಾಯಿ ಕೈಗೆ ಬರುತ್ತದೆ. ಯಜಮಾನರದು ಎರಡು ಎಕರೆ ಅಡಿಕೆ ತೋಟ. ಕಳೆದ ಹಂಗಾಮಿನಲ್ಲಿ 16 ಕ್ವಿಂಟಾಲ್ ಆಯಿತು. ಯುಗಾದಿಯೊಳಗೆ 11 ಕ್ವಿಂಟಾಲ್ ಮಾರಿ ನಾಲ್ಕೂವರೆ ಲಕ್ಷ ತಂದರು. ಸೊಸೈಟಿಯ ಬೆಳೆ ಸಾಲ ಒಂದೂವರೆ ಲಕ್ಷ ಕಟ್ಟಿದರು, ಅದು ಸರಿ. ಆದರೆ ಉಳಿದದ್ದರಲ್ಲಿ ನಾದಿನಿಯ ಮಗನ ಉಪನಯನಕ್ಕೆ 40,000 ಕೊಟ್ಟರು. ಹರಕೆಯೆಂದು ಮನೆಯ ಮುಂದೆ ಯಕ್ಷಗಾನ ಆಡಿಸಿದರು. ಹಳೆಯ ಬೈಕ್ ಕೊಟ್ಟು ಹೊಸದು ತಂದರು. ತೋಟದ ಅಂಚಿನ ಐದು ಗುಂಟೆ ಜಾಗಕ್ಕೆ ಮುಂಗಡ ಕೊಟ್ಟರು. ಆಷಾಢ ಬರುವಷ್ಟರಲ್ಲಿ ಕೈ ಖಾಲಿ. ಅಡಿಕೆಯ ಕೊಳೆ ರೋಗಕ್ಕೆ ಎರಡನೇ ಮದ್ದು ಹೊಡೆಸಲು ಹಣವಿಲ್ಲವೆಂದಾಗ, ನಾನು 2022ರ ಏಪ್ರಿಲಿನಿಂದ ತಿಂಗಳಿಗೆ 3,000ದಂತೆ ಕಟ್ಟುತ್ತಿದ್ದ ಅಂಚೆ ಕಚೇರಿಯ ಆರ್‌ಡಿಯನ್ನು 40 ಕಂತಿಗೇ ಮುರಿಸಿ 45,000 ಕೊಟ್ಟೆ. ನಾನು ಕೂಡಿಡುವುದು, ಅವರು ಕರಗಿಸುವುದು. ಪ್ರತಿ ವರ್ಷವೂ ಇದೇ. ಕೇಳಿದರೆ ನನ್ನನ್ನೇ ಜಿಪುಣಿ ಎನ್ನುತ್ತಾರೆ. ಅವರಲ್ಲಿ ಉಳಿತಾಯದ ಬುದ್ಧಿ ಬರಿಸುವುದು ಹೇಗೆ?
— ಶಿಕ್ಷಕಿ, ಸಿದ್ದಾಪುರ ತಾಲ್ಲೂಕು

ಉತ್ತರ: 16 ಕ್ವಿಂಟಾಲ್ ಆಯಿತು, 11 ಮಾರಿದರು ಎಂದು ಬರೆದಿದ್ದೀರಿ. ಉಳಿದ 5 ಕ್ವಿಂಟಾಲ್ ಎಲ್ಲಿದೆ? ಚೀಲಗಳಲ್ಲಿ ಚಾಲಿಯಾಗಿ, ಅಂದರೆ ಒಣಗಿಸಿ ಸುಲಿದ ಅಡಿಕೆಯಾಗಿ, ಅಟ್ಟದ ಮೇಲಿದೆ ಎಂದು ಇಲ್ಲಿಂದಲೇ ಹೇಳಬಲ್ಲೆ. ದರ ಏರಲಿ ಎಂದು ಕಾಯುತ್ತಿದ್ದಾರೆ. ಅವರು ಮಾರಿದ ದರದಲ್ಲೇ ಲೆಕ್ಕ ಹಾಕಿದರೂ ಅದು ಎರಡು ಲಕ್ಷ ರೂಪಾಯಿ. ನಾನು ಶಿರಸಿಯ ಶಾಖೆಯಲ್ಲಿದ್ದಾಗ, ಖಾತೆಯಲ್ಲಿ ಮೂರು ಸಾವಿರವೂ ಇಲ್ಲದೆ ಅಟ್ಟದ ಮೇಲೆ ಮೂರು ಲಕ್ಷ ಇಟ್ಟುಕೊಂಡ ಬೆಳೆಗಾರರು ನನ್ನೆದುರು ಕುಳಿತು ಸಾಲ ಕೇಳುತ್ತಿದ್ದರು. ಅವರಲ್ಲಿ ಯಾರನ್ನೂ ದುಂದುಗಾರರೆಂದು ನಾನು ತಿಳಿದಿಲ್ಲ. ನೀವು ರಸೀದಿಯಲ್ಲಿ ಉಳಿಸುತ್ತೀರಿ, ನಿಮ್ಮ ಯಜಮಾನರು ವಸ್ತುವಿನಲ್ಲಿ ಉಳಿಸುತ್ತಾರೆ. ಐದು ಗುಂಟೆಯ ಮುಂಗಡವನ್ನೂ ನೀವು ಉಪನಯನ, ಬೈಕುಗಳ ಸಾಲಿನಲ್ಲೇ ಬರೆದಿದ್ದೀರಿ. ಜಾಗ ಖರ್ಚಲ್ಲ, ಆಸ್ತಿ. ಆದ್ದರಿಂದ ಮೊದಲ ಕೆಲಸವಾಗಿ ‘ಕರಗಿಸುವುದು’ ಎಂಬ ಮಾತನ್ನು ಮನೆಯಲ್ಲಿ ಬಿಟ್ಟುಬಿಡಿ. ಅದು ನಿಜವಲ್ಲ, ಅವರಿಗೆ ನೋವಾಗುತ್ತದೆ.

ಹಾಗೆಂದು ಅವರ ರೀತಿ ಪೂರ್ತಿ ಸರಿ ಎನ್ನುವುದಿಲ್ಲ. ಅವರ ಗಳಿಕೆ ಅಡಿಕೆ, ಉಳಿತಾಯ ಅಡಿಕೆ, ಕೊಳ್ಳಹೊರಟ ಜಾಗದಲ್ಲೂ ನೆಡುವುದು ಅಡಿಕೆಯೇ ಇರಬೇಕು. ಕೊಳೆ ಜೋರಾದ ವರ್ಷ, ಎಲೆಚುಕ್ಕಿ ರೋಗ ತೋಟಕ್ಕೆ ಇಳಿದ ವರ್ಷ, ಈ ಮೂರೂ ಒಟ್ಟಿಗೆ ಅಲುಗಾಡುತ್ತವೆ. ನಿಮ್ಮ ಸಂಬಳಕ್ಕೆ ಮಳೆಯ ಹಂಗಿಲ್ಲ. ನಿಮ್ಮ ಠೇವಣಿ ಆ ಮನೆಗೆ ಎಷ್ಟು ದೊಡ್ಡ ಆಸರೆ ಎಂಬುದು ಅವರಿಗೂ ಗೊತ್ತಾಗಬೇಕು.

ಇಬ್ಬರಿಗೂ ಹಣ ಬರುವ ರೀತಿಯೇ ಬೇರೆ ಎಂಬುದನ್ನು ನೀವಿಬ್ಬರೂ ಇಷ್ಟು ವರ್ಷ ಗಮನಿಸಿಲ್ಲ. ಜಗಳದ ಬೇರು ಅಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವರೇ ಬಂದು ಒಯ್ಯುತ್ತಿದ್ದರು. ದಿನದ ಗಳಿಕೆಯವರಿಗೆ ದಿನದ ಉಳಿತಾಯವೇ ಹೊಂದುತ್ತದೆ ಎಂದು ಆ ಹಿರಿಯರು ಕಂಡುಕೊಂಡಿದ್ದರು. ಸಂಬಳದವರಿಗೆ ತಿಂಗಳ ಆರ್‌ಡಿ ಹೊಂದುತ್ತದೆ. ವರ್ಷಕ್ಕೊಮ್ಮೆ ಹಣ ನೋಡುವ ಬೆಳೆಗಾರ ತಿಂಗಳ ಕಂತು ಕಟ್ಟುವುದಿಲ್ಲ ಎಂದು ಬೈದು ಪ್ರಯೋಜನವಿಲ್ಲ. ಅವರಿಗೆ ವರ್ಷದ ವ್ಯವಸ್ಥೆಯೇ ಬೇಕು.

ಆ ವ್ಯವಸ್ಥೆ ಎಲ್ಲಿಂದ ಶುರುವಾಗಬೇಕೆಂದು ನಿಮ್ಮ ಪತ್ರದಲ್ಲೇ ಇದೆ. ಒಂದೂವರೆ ಲಕ್ಷದ ಬೆಳೆ ಸಾಲ ಕಟ್ಟಿದರು ಎಂದಿರಿ. ಸೊಸೈಟಿಯ ಬೆಳೆ ಸಾಲವನ್ನು ಗಡುವಿನೊಳಗೆ ತೀರಿಸಿದವರಿಗೆ ಬಡ್ಡಿಯಿಲ್ಲ. ತೀರಿಸಿದ ಬೆನ್ನಿಗೇ ನವೀಕರಣವಾಗಿ ಅಷ್ಟೇ ಹಣ ಮತ್ತೆ ಕೈಗೆ ಬರುತ್ತದೆ. ನಿಮ್ಮವರಿಗೂ ಬಂದಿರಬೇಕು. ಆ ಹಣ ಎಲ್ಲಿ ಹೋಯಿತೆಂದು ನೀವು ಬರೆದಿಲ್ಲ, ಬಹುಶಃ ಕೇಳಿಯೂ ಇಲ್ಲ. ಅದು ಗೊಬ್ಬರ, ಮೈಲುತುತ್ತ, ಸುಣ್ಣ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡನ ಕೂಲಿ ಇವುಗಳಿಗೆಂದೇ ಕೊಡುವ ಸಾಲ. ನವೀಕರಣವಾದ ದಿನವೇ ಅದನ್ನು ತೋಟದ ಹೆಸರಿನ ಬೇರೆಯೇ ಖಾತೆಗೆ ಹಾಕಿಸಿ. ಆ ಖಾತೆಗೆ ಎಟಿಎಂ ಕಾರ್ಡ್ ಬೇಡ, ಮೊಬೈಲ್ ಪಾವತಿಯೂ ಬೇಡ. ಮಳೆಗೆ ಮುಂಚಿನ ಮದ್ದು, ನಲವತ್ತು ನಲವತ್ತೈದು ದಿನ ಬಿಟ್ಟು ಎರಡನೆಯದು, ಕೊಯ್ಲಿನ ಕೂಲಿ, ಎಲ್ಲವೂ ಅಲ್ಲಿಂದಲೇ ಹೋಗಲಿ. ಇದೊಂದು ನಡೆದರೆ ಆಷಾಢದಲ್ಲಿ ಅವರು ನಿಮ್ಮ ಮುಂದೆ ಕೈಚಾಚುವ ಪ್ರಸಂಗ ಬರುವುದಿಲ್ಲ. ಹೆಂಡತಿಯ ಮುಂದೆ ಪ್ರತಿ ಮಳೆಗಾಲ ಕೈಚಾಚುವುದು ಆ ಮನುಷ್ಯನಿಗೂ ಸುಖವಲ್ಲ. ‘ಜಿಪುಣಿ’ ಎಂಬ ಮಾತು ಬಹಳ ಸಲ ಆ ಅವಮಾನದಿಂದ ಹೊರಡುತ್ತದೆ.

ಚಾಲಿಯ ವಿಷಯದಲ್ಲಿ ಒಂದು ಕರಾರು ಬೇಕು. ದರ ನೋಡಿ ಮಾರುವ ಸ್ವಾತಂತ್ರ್ಯ ಅವರದು, ಅದರಲ್ಲಿ ನೀವು ಕೈಹಾಕಬೇಡಿ. ಆದರೆ ಮನೆಗೆ ಅಗತ್ಯ ಬಿದ್ದಾಗ ನಿಮ್ಮ ಠೇವಣಿ ಮುರಿಯುವ ಮೊದಲು ಒಂದು ಕ್ವಿಂಟಾಲ್ ಇಳಿಯಬೇಕು. ದರ ಇನ್ನೆರಡು ಸಾವಿರ ಏರಬಹುದಿತ್ತು ಎಂಬ ಆಸೆಗೆ ಹೆಂಡತಿಯ ಆರ್‌ಡಿ ಬಲಿಯಾಗಬಾರದು. ಮಾರಲು ಮನಸ್ಸೇ ಬಾರದಿದ್ದರೆ, ಮಾರಾಟ ಸಹಕಾರ ಸಂಘದಲ್ಲಿ ದಾಸ್ತಾನಿಟ್ಟು ಅದರ ಮೇಲೆ ಮುಂಗಡ ಸಿಗುತ್ತದೆಯೇ ಎಂದು ವಿಚಾರಿಸಲಿ. ಚೀಲಕ್ಕೆ ಹುಳು ಬೀಳುವ ಭಯವೂ ತಪ್ಪುತ್ತದೆ.

ಆರ್‌ಡಿ ಮುರಿಸಿದ್ದು ನನಗೆ ನಿಜಕ್ಕೂ ಸಂಕಟ ತಂದಿತು. ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಯನ್ನು ಅವಧಿಗೆ ಮುಂಚೆ ಮುಚ್ಚಿದರೆ ಉಳಿತಾಯ ಖಾತೆಯ ಬಡ್ಡಿ, ಅಂದರೆ ಶೇ 4 ಮಾತ್ರ ಸಿಗುತ್ತದೆ. ನೀವು ಶುರುಮಾಡಿದಾಗ ದರ ಶೇ 5.8 ಇತ್ತು. 40 ಕಂತಿನ 1,20,000 ರೂಪಾಯಿಯ ಮೇಲೆ ನಿಮಗಾದ ನಷ್ಟ ನಾಲ್ಕು ಸಾವಿರದ ಆಸುಪಾಸು. ಹನ್ನೆರಡು ಕಂತು ಕಟ್ಟಿ, ಖಾತೆಗೆ ವರ್ಷ ತುಂಬಿದವರಿಗೆ ಅದರಲ್ಲಿರುವ ಹಣದ ಅರ್ಧದಷ್ಟು ಸಾಲ ಸಿಗುತ್ತದೆ; ಬಡ್ಡಿ ಆರ್‌ಡಿ ದರಕ್ಕಿಂತ ಶೇ 2 ಹೆಚ್ಚು. 45,000ವನ್ನು ಶೇ 7.8ರಂತೆ ಏಳು ತಿಂಗಳಿಗೆ ಪಡೆದು, ಅಡಿಕೆ ಮಾರಿದಾಗ ತೀರಿಸಿದ್ದರೆ ಬಡ್ಡಿ ಎರಡು ಸಾವಿರದಲ್ಲಿ ಮುಗಿಯುತ್ತಿತ್ತು. ಖಾತೆಯೂ ಉಳಿಯುತ್ತಿತ್ತು. ಕಿಟಕಿಯಲ್ಲಿ ಕುಳಿತವರು ಇದನ್ನು ತಾವಾಗಿ ಹೇಳುವುದು ಕಡಿಮೆ, ಕೇಳಿ ಪಡೆಯಬೇಕು. ಹೊಸ ಆರ್‌ಡಿ ತೆರೆಯಿರಿ, ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು ನಿಮಗೂ ಒಂದು ಮಾತು. ನೀವು 2006ರ ಏಪ್ರಿಲ್ 1ರ ನಂತರ ಸೇರಿದವರು. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10 ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಹೋಗುತ್ತದೆ, ಸರ್ಕಾರ ಶೇ 14 ಸೇರಿಸುತ್ತದೆ. ಸರ್ಕಾರಿ ನೌಕರರ ವಿಮೆಯಾದ ಕೆಜಿಐಡಿ ಕಂತು ಬೇರೆ. 60,000 ಕೈಗೆ ಬರುವ ಮೊದಲೇ ದೊಡ್ಡ ಉಳಿತಾಯ ನಡೆದುಹೋಗಿದೆ. ಆದರೂ ನಿಮಗೆ ಏನೂ ಉಳಿದಿಲ್ಲ ಎನ್ನಿಸುತ್ತಿದೆ, ಏಕೆಂದರೆ ಆ ಹಣ ಕಣ್ಣಿಗೆ ಕಾಣುವುದಿಲ್ಲ. ಎನ್‌ಪಿಎಸ್ ವಿವರ ತೆಗೆದು ನೋಡಿ, ಯಜಮಾನರಿಗೂ ತೋರಿಸಿ. ನೀವು ಸ್ವಲ್ಪ ಸಡಿಲವಾಗಿ ಖರ್ಚು ಮಾಡಬಹುದಾದ ಸ್ಥಿತಿಯಲ್ಲಿದ್ದೀರಿ. ವರ್ಷಕ್ಕೊಂದು ಒಳ್ಳೆಯ ಸೀರೆ ಕೊಂಡರೆ ಆ ಸಂಸಾರ ಮುಳುಗುವುದಿಲ್ಲ.

ಹರಕೆಯ ಯಕ್ಷಗಾನವನ್ನು ನಾನು ದುಂದು ಎನ್ನಲಾರೆ. ಊರಿನಲ್ಲಿ ಬದುಕುವವರಿಗೆ ಕೊಡುವುದು ತೆಗೆದುಕೊಳ್ಳುವುದು ಇದ್ದೇ ಇರುತ್ತದೆ. ನಾಳೆ ನಿಮ್ಮ ಮನೆಯ ಕಾರ್ಯಕ್ಕೆ ನಾದಿನಿಯ ಮನೆಯವರೇ ಮೊದಲು ಬರುವವರು. ಆದರೆ ಈ ವರ್ಷ ಕೊಡುಗೆ, ಕಾರ್ಯ, ಹರಕೆ ಎಲ್ಲ ಸೇರಿ ಎಷ್ಟು ಎಂಬ ಮೊತ್ತವನ್ನು ಅಡಿಕೆ ಕೊಯ್ಲಿಗೆ ಮುಂಚೆಯೇ ಇಬ್ಬರೂ ಕುಳಿತು ಗೊತ್ತುಮಾಡಿ. ಹಣ ಕೈಗೆ ಬಂದ ಮೇಲೆ ಆ ಮಾತು ನಡೆಯುವುದಿಲ್ಲ. ಮಾತನ್ನು ನಿಮ್ಮ ಆರ್‌ಡಿಯಿಂದ ಶುರುಮಾಡಬೇಡಿ, ಅಟ್ಟದ ಚಾಲಿಯಿಂದ ಶುರುಮಾಡಿ. ಎಷ್ಟು ಚೀಲ ಇದೆ, ಈ ಸಲ ದರ ಹೇಗಿದ್ದೀತು ಎಂದು ಕೇಳಿ. ಅವರು ಎಷ್ಟು ಲೆಕ್ಕಸ್ಥರು ಎಂದು ನಿಮಗೇ ಆಶ್ಚರ್ಯವಾಗಬಹುದು.

ಹವಾಮಾನ ಆಧಾರಿತ ಬೆಳೆ ವಿಮೆಯ ಕಂತನ್ನು ಮರೆಯಬೇಡಿ. ತೋಟಗಾರಿಕೆ ಬೆಳೆಗೆ ರೈತರ ಪಾಲು ವಿಮಾ ಮೊತ್ತದ ಶೇ 5 ಮಾತ್ರ.

ಪ್ರಶ್ನೆ: ಮನೆಗಾಗಿ 20 ವರ್ಷಕ್ಕೆ 40 ಲಕ್ಷ ಸಾಲ ಮಾಡಿದ್ದೇನೆ, ಬಡ್ಡಿ ಶೇ 8.5. ಬೋನಸ್ ಬಂದರೂ, ಸಂಬಳದಲ್ಲಿ ಉಳಿದರೂ ಎಲ್ಲವನ್ನೂ ಅಸಲಿಗೆ ಕಟ್ಟುತ್ತೇನೆ. ಸಾಲ ಎಂದರೆ ನನಗೆ ನಿದ್ದೆ ಬರುವುದಿಲ್ಲ. ನಮ್ಮ ತಂದೆ ಸಾಲದಿಂದಲೇ ಹೊಲ ಕಳೆದುಕೊಂಡವರು. ಹೆಂಡತಿಗೆ ಪ್ರವಾಸ, ಮಗಳಿಗೆ ನೃತ್ಯದ ತರಗತಿ, ಮನೆಗೆ ಹೊಸ ಸೋಫಾ ಬೇಕು. ಮೊನ್ನೆ ಅವಳ ಕ್ರೆಡಿಟ್ ಕಾರ್ಡಿನಲ್ಲಿ 62,000 ಬಾಕಿ ಇರುವುದು ಗೊತ್ತಾಯಿತು. ಹೇಳದೆ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಿದ್ದಳು. ನಂಬಿಕೆಯೇ ಹೋಗಿದೆ.
— ಬೆಂಗಳೂರು

ಉತ್ತರ: ನಿಮ್ಮ ತಂದೆಯವರ ಹೊಲದ ಮಾತು ಓದಿದಾಗ ನಿಮ್ಮ ಭಯ ಅರ್ಥವಾಯಿತು. ಆ ಕಥೆಯನ್ನು ಹೆಂಡತಿಗೆ ಪೂರ್ತಿ ಹೇಳಿದ್ದೀರಾ? ಹೇಳಿರದಿದ್ದರೆ ಅವರಿಗೆ ಕಾಣುವುದು ‘ಬೇಡ’ ಎನ್ನುವ ಗಂಡ ಮಾತ್ರ.

ಕಾರ್ಡಿನ ಬಾಕಿಯನ್ನು ಈ ವಾರವೇ ಪೂರ್ತಿ ತೀರಿಸಿ. ಕನಿಷ್ಠ ಮೊತ್ತ ಕಟ್ಟಿ ಮುಂದೂಡಿದ ಬಾಕಿಗೆ ತಿಂಗಳಿಗೆ ಶೇ 3.5 ಬಿದ್ದರೆ ವರ್ಷಕ್ಕೆ ಶೇ 42 ಆಗುತ್ತದೆ. ನೀವು ಶೇ 8.5ರ ಸಾಲವನ್ನು ಓಡಿಓಡಿ ತೀರಿಸುತ್ತಿದ್ದಾಗ ಅದೇ ಮನೆಯಲ್ಲಿ ಶೇ 42ರ ಸಾಲ ಬೆಳೆಯುತ್ತಿತ್ತು. ಮುಚ್ಚಿಟ್ಟದ್ದು ತಪ್ಪೇ, ಅವರಿಗೂ ಹಾಗೆಯೇ ಹೇಳುತ್ತೇನೆ. ಆದರೆ ಒಂದು ಸೋಫಾಕ್ಕೆ ಎಷ್ಟು ಸಲ ‘ಏಕೆ’ ಎಂಬ ಪ್ರಶ್ನೆ ಎದುರಿಸಬೇಕಾಯಿತು ಎಂಬುದನ್ನೂ ಕೇಳಿ ನೋಡಿ. ಸಿಟ್ಟಿಲ್ಲದೆ ಕೇಳಿ.

ಎಲ್ಲವನ್ನೂ ಅಸಲಿಗೆ ಸುರಿಯುವ ಅಗತ್ಯವಿಲ್ಲ. ನಿಮ್ಮ ಕಂತು ತಿಂಗಳಿಗೆ 34,700ರ ಸುತ್ತ ಇರಬೇಕು. ಆರಂಭದಿಂದ ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚು ಕಟ್ಟುತ್ತ ಬಂದರೂ 20 ವರ್ಷದ ಸಾಲ ಸುಮಾರು ಹದಿನಾರೂವರೆ ವರ್ಷಕ್ಕೆ ತೀರುತ್ತದೆ. ಅಷ್ಟನ್ನು ಕಟ್ಟಿ ನಿಶ್ಚಿಂತರಾಗಿರಿ. ಉಳಿದದ್ದರಲ್ಲಿ ಮೊದಲು ಆರು ತಿಂಗಳ ಮನೆಖರ್ಚು ಮತ್ತು ಕಂತಿನಷ್ಟನ್ನು ಠೇವಣಿಯಲ್ಲಿಡಿ. ಅಸಲಿಗೆ ಕಟ್ಟಿದ ಹಣವನ್ನು ಕೆಲಸ ಹೋದಾಗ ಬ್ಯಾಂಕು ಹಿಂದಕ್ಕೆ ಕೊಡುವುದಿಲ್ಲ. ಸಾಲಕ್ಕೆ ಹೆದರುವ ನೀವು ನಿಜವಾಗಿ ಹೆದರಬೇಕಾದದ್ದು ಕೈಯಲ್ಲಿ ಹಣವಿಲ್ಲದ ಆ ತಿಂಗಳಿಗೆ.

ಅದಾದ ಮೇಲೆ ಇಬ್ಬರಿಗೂ ತಿಂಗಳಿಗೆ ಸಮನಾದ ಒಂದು ಮೊತ್ತ, ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ್ದು. ಅವರು ಸೋಫಾಕ್ಕೆ ಕೂಡಿಸಲಿ, ನೀವು ಬೇಕಾದರೆ ಅದನ್ನೂ ಸಾಲಕ್ಕೇ ಕಟ್ಟಿ. ಮಗಳ ನೃತ್ಯದ ಶುಲ್ಕ ಮಾತ್ರ ಆ ಹಣದಿಂದ ಬೇಡ, ಮನೆಖರ್ಚಿನಿಂದ ಹೋಗಲಿ. ಅವಳ ಎಂಟನೇ ವಯಸ್ಸಾಗಲಿ ಹತ್ತನೇ ವಯಸ್ಸಾಗಲಿ ಸಾಲ ತೀರುವ ತನಕ ಕಾಯುವುದಿಲ್ಲ.

ಪ್ರಶ್ನೆ: ನನಗೆ 62 ವರ್ಷ. ಯಜಮಾನರು ಕೈ ಸಡಿಲ. ಯಾರು ಕೇಳಿದರೂ ಕೈಗಡ ಕೊಡುತ್ತಾರೆ, ಹಿಂದಕ್ಕೆ ಬರುವುದಿಲ್ಲ. ಅವರಿಗೆ ತಿಳಿಯದಂತೆ ನಾನು ಸಂಘದಲ್ಲಿ, ಪರಿಚಯದ ಪತ್ತಿನ ಸಹಕಾರ ಸಂಘದಲ್ಲಿ ಸೇರಿ ಮೂರು ಲಕ್ಷ ಕೂಡಿಟ್ಟಿದ್ದೇನೆ. ತವರಿನ ಬಂಗಾರವೂ ಇದೆ. ಇದು ತಪ್ಪೇ?
— ಗದಗ

ಉತ್ತರ: ತಪ್ಪಲ್ಲ. ತವರಿನ ಬಂಗಾರ ನಿಮ್ಮ ಸ್ತ್ರೀಧನ. ಅದರ ಮೇಲೆ ಗಂಡನಿಗೆ ಹಕ್ಕಿಲ್ಲ, ಕಷ್ಟಕಾಲದಲ್ಲಿ ಬಳಸಿಕೊಂಡರೂ ಹಿಂದಿರುಗಿಸಬೇಕು ಎಂದು ಸುಪ್ರೀಂ ಕೋರ್ಟ್ 2024ರಲ್ಲೂ ಹೇಳಿದೆ.

ನನಗೆ ಚಿಂತೆ ಆ ಪತ್ತಿನ ಸಂಘದ ಬಗ್ಗೆ. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ಹೆಸರಿನಲ್ಲಿ ಬ್ಯಾಂಕಿನ ಗತ್ತಿದ್ದರೂ ಇಲ್ಲ. ಅವಧಿ ಮುಗಿಯುತ್ತಿದ್ದಂತೆ ಆ ಹಣವನ್ನು ಬ್ಯಾಂಕಿಗೆ ಇಲ್ಲವೇ ಅಂಚೆ ಕಚೇರಿಗೆ ತನ್ನಿ. ಬಡ್ಡಿ ಒಂದೆರಡು ಪೈಸೆ ಕಡಿಮೆಯಾದರೂ ಸರಿ.

ಮಗಳನ್ನೋ ಸೊಸೆಯನ್ನೋ ನಾಮಿನಿ ಮಾಡಿ. ನಾಮಿನಿ ಎಂದರೆ ಹಣ ಪಡೆದು ವಾರಸುದಾರರಿಗೆ ಒಪ್ಪಿಸುವವರು, ಮಾಲೀಕರಲ್ಲ. ಅವರಿಗೇ ಸೇರಬೇಕೆಂಬ ಇಚ್ಛೆಯಿದ್ದರೆ ಒಂದು ಉಯಿಲು ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಯಜಮಾನರಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು, ಆದರೆ ಪಾಸ್‌ಬುಕ್ಕು ಎಲ್ಲಿದೆ ಎಂಬುದು ಇನ್ನೊಬ್ಬರಿಗೆ ಗೊತ್ತಿರಲೇಬೇಕು. ಯಾರೂ ಕೇಳಿಬಾರದೆ ವರ್ಷಗಟ್ಟಲೆ ಬಿದ್ದಿದ್ದ ಖಾತೆಗಳನ್ನು ನಾನು ಶಾಖೆಯಲ್ಲಿ ನೋಡಿದ್ದೇನೆ. ಅವುಗಳಲ್ಲಿ ಎಷ್ಟೋ ಹೀಗೆಯೇ ಮನೆಯವರಿಗೆ ತಿಳಿಯದಂತೆ ಹೆಂಗಸರು ತೆರೆದಿಟ್ಟವು.