1944ರ ಮಿಲಿಟರಿ ಜೀಪ್ ಸೆಲ್ಫ್‌ನಲ್ಲಿ ಸ್ಟಾರ್ಟ್ ಆಗಲ್ಲ, ತಳ್ಳಿದರೆ ಆಗುತ್ತೆ. ಏನು ತೊಂದರೆ ಇರಬಹುದು?

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಪಾಂಡವಪುರದ ಹತ್ತಿರದ ತೋಟದ ಮನೆ, ತಾತ ಡಿಸ್ಪೋಸಲ್‌ನಲ್ಲಿ, ಅಂದರೆ ಮಿಲಿಟರಿಯವರು ಹಳೆ ಗಾಡಿ ಮಾರಿದಾಗ ತಂದ 1944ರ ವಿಲ್ಲಿಸ್ ಜೀಪ್. ಸೆಲ್ಫ್ ಒತ್ತಿದರೆ 'ಊಂ... ಊಂ...' ಅಂತ ಎಳೆದು ಸುಮ್ಮನಾಗುತ್ತದೆ. ಇಬ್ಬರು ತಳ್ಳಿದರೆ ಹತ್ತು ಹೆಜ್ಜೆಗೆ ಸ್ಟಾರ್ಟ್. ಮೆಕ್ಯಾನಿಕ್ ಎರಡು ಸಲ ಕಾರ್ಬುರೇಟರ್ ಬಿಚ್ಚಿ ತೊಳೆದಿದ್ದಾರೆ, ಪ್ಲಗ್ ಬದಲಾಯಿಸಿದ್ದಾರೆ, ಈಗ 12 ವೋಲ್ಟ್ ಮಾಡಿಸಿಬಿಡಿ ಅನ್ನುತ್ತಿದ್ದಾರೆ. ಮುಖ್ಯವಾಗಿ ಇಷ್ಟೇ ಅಲ್ವಾ ನೀವು ಬರೆದದ್ದು?

ತಳ್ಳಿದ ತಕ್ಷಣ ಆಗುತ್ತದೆ ಅಂದರೆ ಪೆಟ್ರೋಲ್ ಬರುತ್ತಿದೆ, ಟೈಮಿಂಗ್ ಸರಿ ಇದೆ, ಕಂಪ್ರೆಷನ್ನೂ ಇದೆ. ಕಾರ್ಬುರೇಟರ್ ಮುಟ್ಟಬೇಡಿ. ಪಾಪ, ಅದರದ್ದೇನೂ ತಪ್ಪಿಲ್ಲ.

ನಿಮ್ಮ ಜೀಪ್ 6 ವೋಲ್ಟಿನದು. ಸೆಲ್ಫ್ ಮೋಟರಿಗೂ ಕಿಡಿ ಕೊಡುವ ಕಾಯಿಲಿಗೂ ಒಂದೇ ಬ್ಯಾಟರಿ. ನೀವು ನಾಲೆ ಬಯಲಿನವರು, ಬೇಗ ಅರ್ಥವಾಗುತ್ತದೆ. ಮೇಲಿನ ಗದ್ದೆಯವರು ತೂಬು ಪೂರ್ತಿ ಎತ್ತಿಕೊಂಡರೆ ಕೊನೆ ಭಾಗದವರಿಗೆ ಏನು ಬರುತ್ತದೆ? ಬ್ಯಾಟರಿ ಸೋತಿದ್ದರೆ ಅಥವಾ ಅರ್ಥ್ (ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಕೆಟ್ಟಿದ್ದರೆ, ಸೆಲ್ಫ್ ಎಳೆಯುವ ಹೊತ್ತಿಗೆ ಕಾಯಿಲಿಗೆ ಸಿಗುವುದು ಮೂರೋ ಮೂರೂವರೆಯೋ ವೋಲ್ಟ್. ಕಿಡಿ ಮಂಕಾಗುತ್ತದೆ. ಎಂಜಿನ್ ತಿರುಗುವುದೂ ನಿಧಾನ. ತಳ್ಳಿದಾಗ ಸೆಲ್ಫ್ ಕೆಲಸವೇ ಇಲ್ಲ, ಇರುವಷ್ಟೂ ಕಾಯಿಲಿಗೇ ಸೇರುತ್ತದೆ. ಅದಕ್ಕೇ ಫಟ್ ಅಂತ ಹತ್ತಿಕೊಳ್ಳುತ್ತದೆ.

ಇದನ್ನು ನಾನು ಕಲಿತದ್ದು ಬೆರಳು ಸುಟ್ಟುಕೊಂಡು. ನಿಜವಾಗಿಯೂ ಸುಟ್ಟುಕೊಂಡೇ. ಮೈಸೂರಿನಲ್ಲಿ ನನ್ನ ಜೀಪಿಗೆ ಪೂರ್ತಿ ಬಿಚ್ಚಿಸಿ ಪೇಂಟ್ ಮಾಡಿಸಿದ್ದೆ. ಮನೆಗೆ ತಂದ ಮಾರನೇ ದಿನದಿಂದ ನಿಮ್ಮದೇ ಕಥೆ. ನಾನೂ ಕಾರ್ಬುರೇಟರ್ ಕಿಟ್ ತರಿಸಿದೆ, ಕಾಯಿಲಿನ ಕರೆಂಟು ಕಡಿದು ಕೂಡಿಸುವ ಪಾಯಿಂಟ್ ಬದಲಾಯಿಸಿದೆ, ಎರಡು ತಿಂಗಳು ಹಾಳು ಮಾಡಿದೆ. ಒಂದು ಬೆಳಿಗ್ಗೆ ಚೋಕ್ ಎಳೆದು ಹಿಡಿದು ಸೆಲ್ಫ್ ಒತ್ತುತ್ತಲೇ ಇದ್ದೆ. ಕೈಯಲ್ಲಿದ್ದ ಚೋಕಿನ ಗುಂಡಿ ಬೆಚ್ಚಗಾಯಿತು. ಆಮೇಲೆ ಚುರ್ ಅಂದಿತು. ಬಾನೆಟ್ ಎತ್ತಿ ನೋಡಿದರೆ ಚೋಕ್ ಕೇಬಲ್ಲಿನಿಂದ ಸಣ್ಣಗೆ ಹೊಗೆ! ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಎಂಜಿನ್ನಿನಿಂದ ಚಾಸಿಗೆ ಬರುವ ಹೆಣೆದ ಅರ್ಥ್ ಪಟ್ಟಿಯನ್ನು ಪೇಂಟಿನವರು ಹೊಸ ಬಣ್ಣದ ಮೇಲೇ ಬೋಲ್ಟ್ ಮಾಡಿದ್ದರು. ಸೆಲ್ಫಿನ ಅಷ್ಟೂ ಕರೆಂಟು ವಾಪಸ್ ಹೋಗಲು ದಾರಿ ಹುಡುಕಿಕೊಂಡು ಚೋಕಿನ ತಂತಿಯಲ್ಲಿ ಹರಿಯುತ್ತಿತ್ತು. ಉಪ್ಪು ಕಾಗದದಲ್ಲಿ ನಾಲ್ಕಾಣೆ ಅಗಲ ಬಣ್ಣ ಕೆರೆದೆ, ಬೋಲ್ಟ್ ಬಿಗಿ ಮಾಡಿದೆ. ಎರಡೇ ಸುತ್ತಿಗೆ ಸ್ಟಾರ್ಟ್. ಖುಷಿಗಿಂತ ಸಿಟ್ಟು ಬಂತು.

ಸುಮ್ನೆ ಊಹೆ ಮಾಡುವ ಬದಲು ಒಂದು ಮಲ್ಟಿಮೀಟರ್ ತನ್ನಿ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ನಡುವಿನ ವೈರ್ ಕಿತ್ತು ಎಂಜಿನ್ನಿಗೆ ತಾಗಿಸಿ ಇಡಿ, ಅಕಸ್ಮಾತ್ ಸ್ಟಾರ್ಟ್ ಆಗಬಾರದು. ಗೇರ್ ನ್ಯೂಟ್ರಲ್. ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಸುಮ್ಮನಿರುವಾಗ ಸುಮಾರು 6.3 ವೋಲ್ಟ್ ತೋರಿಸಬೇಕು. ಈಗ ಒಬ್ಬರು ಸೆಲ್ಫ್ ಒತ್ತಲಿ, ನೀವು ಮೀಟರ್ ನೋಡಿ. ನಾಲ್ಕೂವರೆಗಿಂತ ಕೆಳಗೆ ಬಿದ್ದರೆ ಒಂದೋ ಬ್ಯಾಟರಿ ಸತ್ತಿದೆ, ಇಲ್ಲ ಸೆಲ್ಫ್ ಮೋಟರ್ ಒಳಗೆ ಜಾಮ್ ಇದೆ. ಐದರ ಆಸುಪಾಸಿನಲ್ಲಿ ನಿಂತೂ ಎಂಜಿನ್ ನಿಧಾನ ತಿರುಗಿದರೆ ಕಳ್ಳ ಇರುವುದು ಕರೆಂಟು ಹರಿಯುವ ದಾರಿಯಲ್ಲಿ, ಕೇಬಲ್ಲಿನಲ್ಲೋ ಜೋಡಣೆಯಲ್ಲೋ.

ಅವನನ್ನು ಹಿಡಿಯುವುದು ಹೀಗೆ. ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್ ಪೋಸ್ಟಿಗೆ, ಇನ್ನೊಂದು ಸೆಲ್ಫ್ ಮೋಟರಿನ ಮೈಗೆ. ಪೋಸ್ಟಿಗೇ ಮುಟ್ಟಿಸಿ, ಮೇಲಿನ ಕ್ಲಾಂಪಿಗಲ್ಲ, ಏಕೆಂದರೆ ಎಷ್ಟೋ ಸಲ ಅವೆರಡರ ನಡುವಿನ ಬಿಳಿ ಬೂಷ್ಟೇ ಕಳ್ಳ. ಸೆಲ್ಫ್ ಒತ್ತಿದಾಗ 0.2, ಹೆಚ್ಚೆಂದರೆ 0.3 ವೋಲ್ಟ್ ಬರಬಹುದು. ಅದಕ್ಕಿಂತ ಜಾಸ್ತಿ ಬಂದರೆ ಅರ್ಥ್ ಕೆಟ್ಟಿದೆ. ಪಾಸಿಟಿವ್ ಪೋಸ್ಟಿನಿಂದ ಸೆಲ್ಫಿನ ಬೋಲ್ಟಿಗೂ ಹಾಗೇ ನೋಡಿ. ಆಮೇಲೆ ಕಾಲಿನ ಸ್ವಿಚ್. ಈ ಜೀಪಿನಲ್ಲಿ ಸೆಲ್ಫ್ ಒತ್ತುವುದು ಕಾಲಿನಲ್ಲಿ, ಅದು ನಿಮಗೆ ಗೊತ್ತು. ರಿಲೇ ಗಿಲೇ ಏನಿಲ್ಲ, ಅಷ್ಟೂ ಕರೆಂಟು ಆ ಗುಂಡಿಯೊಳಗಿನ ತಾಮ್ರದ ಬಿಲ್ಲೆಯ ಮೂಲಕವೇ ಹೋಗಬೇಕು. ಎಂಬತ್ತು ವರ್ಷ ಕಿಡಿ ಹಾರಿ ಹಾರಿ ಅದು ಸೀದ ರೊಟ್ಟಿಯ ಹಾಗೆ ಆಗಿರುತ್ತದೆ.

ಕೇಬಲ್ ಬದಲಾಯಿಸಿದ್ದರಾ? ಅಂಗಡಿಯಲ್ಲಿ ಕೊಡುವ ಮಾಮೂಲಿ ಕಾರಿನ ಕೇಬಲ್ 12 ವೋಲ್ಟಿನ ಲೆಕ್ಕದ್ದು. ಅಷ್ಟೇ ಕೆಲಸಕ್ಕೆ 6 ವೋಲ್ಟಿನಲ್ಲಿ ಎರಡರಷ್ಟು ಕರೆಂಟು ಹರಿಯಬೇಕು, ಅದೇ ತಂತಿಯಲ್ಲಿ ನಷ್ಟ ನಾಲ್ಕರಷ್ಟು. ವೆಲ್ಡಿಂಗ್ ಕೇಬಲ್ ತನ್ನಿ. 50 ಚದರ ಮಿಲಿಮೀಟರ್‌ಗಿಂತ ಸಣ್ಣದು ಬೇಡ, 70 ಸಿಕ್ಕರೆ ಇನ್ನೂ ಒಳ್ಳೆಯದು. ತುದಿಗೆ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಹಾಕಿಸುವಾಗ ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ ಕೊಡುತ್ತಾರೆ, ಒಪ್ಪಬೇಡಿ. ಸರಿಯಾದ ಕ್ರಿಂಪಿಂಗ್ ಉಪಕರಣದಲ್ಲೇ ಒತ್ತಿಸಿ.

12 ವೋಲ್ಟ್ ವಿಷಯ. ಮಾಡಿಸಿದವರು ಬೇಕಾದಷ್ಟು ಜನ ಇದ್ದಾರೆ, ಓಡುತ್ತಿವೆ ಕೂಡ. ನನಗೆ ಇಷ್ಟವಿಲ್ಲ. ಬಲ್ಬು, ಕಾಯಿಲ್, ಡೈನಮೋ, ಪೆಟ್ರೋಲ್ ಮೀಟರ್ ಎಲ್ಲದಕ್ಕೂ ದಾರಿ ಮಾಡಬೇಕು. ಹಳೆಯ ಸೆಲ್ಫ್ ಮೋಟರಿಗೇ 12 ಕೊಟ್ಟರೆ ಅದು ಫ್ಲೈವೀಲಿನ ಹಲ್ಲಿಗೆ ಗುದ್ದಿಕೊಂಡು ಹೋಗುತ್ತದೆ. ಯುದ್ಧದ ಕಾಲದಲ್ಲಿ ಇದೇ 6 ವೋಲ್ಟಿನಲ್ಲಿ ಹಿಮದಲ್ಲೂ ಮರಳಿನಲ್ಲೂ ಓಡಿದ ಗಾಡಿ. ಮಂಡ್ಯದ ಚಳಿ ಯಾವ ಲೆಕ್ಕ!

ಮೀಟರ್ ಹಿಡಿದಾಗಲೇ ಪಾಯಿಂಟ್ ಕೂಡ ನೋಡಿಬಿಡಿ. ಗ್ಯಾಪ್ 0.020 ಇಂಚು, ಪ್ಲಗ್ಗಿಗೆ 0.030. ಮಳೆಗಾಲವೆಲ್ಲ ಕೊಟ್ಟಿಗೆಯಲ್ಲಿ ನಿಂತಿದ್ದರೆ ಪಾಯಿಂಟಿನ ಮೇಲೆ ತೆಳುವಾಗಿ ಬೂದಿ ಬಣ್ಣ ಕಟ್ಟಿರುತ್ತದೆ. ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ಎಳೆದರೆ ಸಾಕು.

ಮದ್ದೂರಿನಲ್ಲಿ ವಡೆ ತಿಂದು ಬಂದರೆ ಬಿಸಿ ಎಂಜಿನ್ ಸ್ಟಾರ್ಟ್ ಆಗಲ್ಲ ಅಂತ ಕೊನೆಯಲ್ಲಿ ಬರೆದಿದ್ದೀರಿ. ಅದು ಬೇರೆ ರೋಗ ಇರಬಹುದು. ಬಿಸಿಗೆ, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಎ.ಸಿ. ಕಂಪನಿಯ ಪಂಪಿನಲ್ಲೇ ಅದು ಆವಿಯಾಗಿ ಕೂರುತ್ತದೆ. ಏಪ್ರಿಲ್‌ನಲ್ಲಿ ಚಾಮುಂಡಿ ಬೆಟ್ಟ ಹತ್ತುವಾಗ ನನಗೂ ಹಾಗೇ ಆಯಿತು, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾದೆ, ಸರಿಹೋಯಿತು. ಪಂಪಿನೊಳಗಿನ ರಬ್ಬರ್ ಪೊರೆ, ಡಯಾಫ್ರಾಮ್, ಎಷ್ಟು ಹಳೆಯದು ಅಂತಲೂ ನೋಡಿ. ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಹಳೆಯ ರಬ್ಬರ್ ತಡೆಯುವುದಿಲ್ಲ. ಅದು ಹರಿದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಾಯಿಸುವವರೆಗೆ ಗಾಡಿ ಓಡಿಸಲೇಬೇಡಿ.

ಕೇಬಲ್ ಬರುವವರೆಗೆ ಹ್ಯಾಂಡಲ್ ಹೊಡೆಯುವ ಆಸೆ ಆಗುತ್ತದೆ, ಗೊತ್ತು. ಹೊಡೆಯಿರಿ, ಆದರೆ ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳಿನ ಪಕ್ಕಕ್ಕೇ ಇಡಿ, ಹಿಡಿಯ ಸುತ್ತ ಬಳಸಬೇಡಿ. ಕೆಳಗಿನಿಂದ ಮೇಲಕ್ಕೆ ಎಳೆಯಿರಿ, ಮೇಲಿನಿಂದ ಒತ್ತಬೇಡಿ. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಹೋಗುತ್ತದೆ. ಇದಕ್ಕಿಂತ ಸುಲಭ, ರಾತ್ರಿ ಗಾಡಿಯನ್ನು ತೋಟದ ಏರಿಯ ಮೇಲೆ ಇಳಿಜಾರಿಗೆ ಮುಖ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ. ಬೆಳಿಗ್ಗೆ ಹುಡುಗರನ್ನು ಎಬ್ಬಿಸುವುದಾದರೂ ತಪ್ಪುತ್ತದೆ.