ಬಂದವರ ಲೆಕ್ಕ, ಊರಿನ ಲೆಕ್ಕ

ಪ್ರಿಯ ಲೇಖಕರೇ,

ನಮಸ್ಕಾರ. ಸರ್ಕಾರಿ ಆಸ್ಪತ್ರೆಯೊಂದರ ಐದು ವರ್ಷಗಳ ದಾಖಲೆಗಳನ್ನು ಆಧರಿಸಿ, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಕುರಿತು ನೀವು ಬರೆದ ಲೇಖನವನ್ನು ಎರಡು ಬಾರಿ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಕೈಬಿಡಲೂ ಮನಸ್ಸು ಒಪ್ಪದ ಕಾರಣ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಈ ರೋಗ ಬಡವರಿಗೇ ಹೆಚ್ಚಾಗಿ ಬರುತ್ತದೆ, ರೋಗಿಗಳ ನಿರ್ಲಕ್ಷ್ಯದಿಂದಲೇ ಕೊನೆಯ ಹಂತಕ್ಕೆ ಮುಟ್ಟುತ್ತದೆ ಎಂಬುದು ನಿಮ್ಮ ತೀರ್ಮಾನ. ನಿಮ್ಮ ಕೈಯಲ್ಲಿರುವುದು ಆಸ್ಪತ್ರೆಗೆ ಬಂದವರ ಲೆಕ್ಕವೇ ಹೊರತು ಊರಿನ ಲೆಕ್ಕವಲ್ಲ. ಖಾಸಗಿ ಆಸ್ಪತ್ರೆಗೆ ಹೋದವರಾಗಲಿ, ಎಲ್ಲಿಗೂ ಹೋಗದೆ ಮನೆಯಲ್ಲೇ ತೀರಿಕೊಂಡವರಾಗಲಿ ಅದರಲ್ಲಿಲ್ಲ. ಚಿಕ್ಕ ಆಸ್ಪತ್ರೆಗಳು ತಮ್ಮ ಕೈಮೀರಿದವರನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವುದರಿಂದ, ಮೂರನೆಯ ಮತ್ತು ನಾಲ್ಕನೆಯ ಹಂತದವರ ಪಾಲು ಅಲ್ಲಿ ಹೆಚ್ಚಾಗಿ ಕಾಣುವುದು ಸಹಜ. ಬಡತನಕ್ಕೂ ಈ ರೋಗಕ್ಕೂ ನಂಟಿದೆ ಎಂಬುದನ್ನು ಬೇರೆ ಅಧ್ಯಯನಗಳು ತೋರಿಸಿವೆ, ನಿಜ. ಆದರೆ ಬಡವರೇ ಹೆಚ್ಚಾಗಿ ಬರುವ ಆಸ್ಪತ್ರೆಯ ಪಟ್ಟಿಯಿಂದ ಅದನ್ನು ಸಾಧಿಸಲಾಗದು.

ನಾಲಿಗೆಯ ಕ್ಯಾನ್ಸರನ್ನೆಲ್ಲ ಒಂದೇ ಸಾಲಿನಲ್ಲಿ ಕೂಡಿಸಿರುವುದು ಇನ್ನೊಂದು ದೋಷ. ನಾಲಿಗೆಯ ಮುಂದಿನ ಮೂರನೇ ಎರಡು ಭಾಗ ಬಾಯಿಗೆ ಸೇರಿದರೆ, ಬುಡ ಗಂಟಲಿಗೆ ಸೇರುತ್ತದೆ. ಬುಡದಲ್ಲಿಯೂ ಟಾನ್ಸಿಲ್‌ನಲ್ಲಿಯೂ ಬರುವ ಕ್ಯಾನ್ಸರಿಗೆ ಎಚ್‌ಪಿವಿ ವೈರಸ್ ಕಾರಣವಾಗಿರಬಹುದು, ಅಂಥವು ಚಿಕಿತ್ಸೆಗೆ ಹೆಚ್ಚು ಚೆನ್ನಾಗಿ ಸ್ಪಂದಿಸುತ್ತವೆ. ಧ್ವನಿತಂತುವಿನ ಗಡ್ಡೆ ಬೇಗನೆ ದನಿಯನ್ನು ಕೆಡಿಸಿ ಎಚ್ಚರಿಸುತ್ತದೆ. ಗಂಟಲಿನ ಕೆಳಭಾಗದ್ದು ಕುತ್ತಿಗೆಯಲ್ಲಿ ಗಂಟು ಕಾಣುವವರೆಗೂ ಸುಳಿವು ಕೊಡದಿರಬಹುದು. ತಡವಾಗಿ ಬಂದವರನ್ನೆಲ್ಲ ನಿರ್ಲಕ್ಷ್ಯದವರೆಂದು ಕರೆದ ನಿಮ್ಮ ವಾಕ್ಯ ಈ ಕಾರಣಕ್ಕೇ ನನ್ನನ್ನು ನೋಯಿಸಿತು.

ಕಾರಣಗಳ ಭಾಗದಲ್ಲಿ ತಂಬಾಕನ್ನು ಮಾತ್ರ ಹೇಳಿದ್ದೀರಿ. ಮದ್ಯ ಜೊತೆಗೂಡಿದಾಗ ಅಪಾಯ ಹಲವು ಪಟ್ಟು ಏರುತ್ತದೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಇವೆರಡನ್ನೂ ಸೇರಿಸಿ.

ನಿಮ್ಮ ಲೇಖನದ ಜೀವವಿರುವುದು ಏಳನೆಯ ಪುಟದಲ್ಲಿ: ಕೆನ್ನೆಯೊಳಗಿನ ಹುಣ್ಣಿಗೆ ತಿಂಗಳುಗಟ್ಟಲೆ ಮುಲಾಮು, ಮಾತ್ರೆಗಳನ್ನು ಬರೆಸಿಕೊಳ್ಳುತ್ತಲೇ ಇದ್ದ ಮಹಿಳೆಯ ಬಗ್ಗೆ ನೀವು ಬರೆದ ನಾಲ್ಕು ಸಾಲುಗಳು. ಮೂರು ವಾರ ಕಳೆದರೂ ಮಾಯದ ಹುಣ್ಣನ್ನು ತಜ್ಞರಿಗೆ ತೋರಿಸಬೇಕೆಂಬುದು ವೈದ್ಯರಿಗೆ ಗೊತ್ತಿರುವ ಮಾತೇ. ಹಾಗಿದ್ದೂ ಆಕೆ ವೈದ್ಯರ ಬಳಿಗೆ ಹೋದ ಮೇಲೂ ದಿನಗಳು ಕಳೆದುಹೋದವು. ಮೊದಲ ಲಕ್ಷಣದಿಂದ ಮೊದಲ ವೈದ್ಯರವರೆಗೆ, ಅಲ್ಲಿಂದ ಗಡ್ಡೆಯ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿಯವರೆಗೆ, ಬಯಾಪ್ಸಿಯಿಂದ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆ ಆರಂಭವಾಗುವವರೆಗೆ ಎಷ್ಟು ದಿನ ಹಿಡಿಯಿತು ಎಂಬುದನ್ನು ಅದೇ ದಾಖಲೆಗಳಿಂದ ಬೇರೆ ಬೇರೆಯಾಗಿ ತೆಗೆಯಿರಿ. ವಯಸ್ಸು, ಲಿಂಗಗಳ ಪಟ್ಟಿಗಳಲ್ಲಿ ಒಂದನ್ನುಳಿಸಿ ಮಿಕ್ಕವನ್ನು ಬಿಟ್ಟುಬಿಡಿ. ಯಾವ ಕಡತದಲ್ಲಿ ಈ ದಿನಾಂಕಗಳು ಸಿಗುವುದಿಲ್ಲವೋ ಅಂಥವುಗಳ ಸಂಖ್ಯೆಯನ್ನೂ ಲೇಖನದಲ್ಲಿ ಕಾಣಿಸಿ, ಮರಳಿ ನನಗೇ ಕಳುಹಿಸಿ.

ಇಂತಿ,
ಸಂಪಾದಕ