ಬೆಳ್ಳಿ ಒರೆಯ ಒಳಗಿನ ಮರ

ಮಡಿಕೇರಿ ಕಡೆಯ ಓದುಗರೊಬ್ಬರು ಎರಡು ಪ್ರಶ್ನೆ ಕಳಿಸಿದ್ದಾರೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊದ್‌ಗೆಂದು ಅಜ್ಜನ ಕಾಲದ ಪೀಚೆಕತ್ತಿ (ಸೊಂಟಕ್ಕೆ ಸಿಗಿಸುವ ಕಿರುಗತ್ತಿ) ಹೊರತೆಗೆದರೆ ಅಲಗಿನ ತುಂಬ ತುಕ್ಕು. ಒರೆಯ ಬೆಳ್ಳಿ ಕೆಲಸ ಮಾತ್ರ ಚೆನ್ನಾಗಿದೆ. ಒಳಗಿನ ಹಳೇ ಮರ ತೆಗೆದು ಪೂರ್ತಿ ಬೆಳ್ಳಿಯ ಒರೆ ಮಾಡಿಕೊಡುತ್ತೇನೆ ಎಂದು ಅಕ್ಕಸಾಲಿಗರು ಹೇಳಿದ್ದಾರಂತೆ. ಮಾಡಿಸಬಹುದಾ? ಇನ್ನೊಂದು, ಗೀಸರ್ ಸ್ವಿಚ್ ಹಾಕಿದ ಕೂಡಲೇ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಬೀಳುತ್ತದೆ. ಕಾಯಿಲ್ ಸರಿಯಿದೆ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಹಾಗಾದರೆ ದೋಷ ಎಲ್ಲಿ?

ಮೊದಲನೆಯದಕ್ಕೆ ನೇರ ಉತ್ತರ: ದಯವಿಟ್ಟು ಮಾಡಿಸಬೇಡಿ. ಆ ಮರ ಸುಮ್ನೆ ಇಟ್ಟದ್ದಲ್ಲ. ಅಲಗು ಬೆಳ್ಳಿಗೆ ತಾಗದ ಹಾಗೆ ನೋಡಿಕೊಳ್ಳುವುದೇ ಅದರ ಕೆಲಸ. ಕಬ್ಬಿಣವೂ ಬೆಳ್ಳಿಯೂ ಒಂದಕ್ಕೊಂದು ತಾಗಿದ್ದು, ನಡುವೆ ಒಂದಿಷ್ಟು ತೇವ ಸಿಕ್ಕಿದರೆ ಸಾಕು, ಕಬ್ಬಿಣ ಬೇಗ ಬೇಗ ಸವೆಯುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಕೊಡಗಿನ ಮಳೆಗಾಲದಲ್ಲಿ ತೇವಕ್ಕೇನು ಬರವಾ?

ಇದನ್ನು ಬ್ರಿಟಿಷ್ ನೌಕಾಪಡೆ ದೊಡ್ಡ ಬೆಲೆ ತೆತ್ತು ಕಲಿತಿದೆ. ಮರದ ಹಡಗಿನ ತಳವನ್ನು ಸಮುದ್ರದ ಹುಳುಗಳು ಕೊರೆದು ಜರಡಿ ಮಾಡುತ್ತಿದ್ದವು. ಅದಕ್ಕೆ 1761ರಲ್ಲಿ ‘ಅಲಾರ್ಮ್’ ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿದರು. ವೆಸ್ಟ್ ಇಂಡೀಸ್ ಸುತ್ತಿ ಬಂದ ಹಡಗನ್ನು 1763ರಲ್ಲಿ ಪರೀಕ್ಷಿಸಿದಾಗ, ತಗಡು ಹಲವು ಕಡೆ ಕಳಚಿಕೊಂಡಿತ್ತು. ತಾಮ್ರ ಕೆಟ್ಟಿರಲಿಲ್ಲ. ಅದನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ಕೊಳೆತುಹೋಗಿದ್ದವು. ಆದರೆ ಕೆಲವು ಮೊಳೆಗಳು ಅಷ್ಟಾಗಿ ಕೆಟ್ಟಿರಲಿಲ್ಲ. ಯಾಕೆ ಎಂದು ನೋಡಿದರೆ, ಅವುಗಳ ತಲೆಯಡಿ ಕಂದು ಕಾಗದ ಸಿಕ್ಕಿಕೊಂಡಿತ್ತು! ತಗಡು ಕಾಗದದಲ್ಲಿ ಸುತ್ತಿ ಬಂದಿತ್ತು, ಕೆಲಸಗಾರರು ಅದನ್ನು ಬಿಚ್ಚದೆ ಹಾಗೇ ಮೊಳೆ ಹೊಡೆದಿದ್ದರು. ಎರಡು ಲೋಹಗಳನ್ನು ಬೇರೆ ಇಟ್ಟದ್ದು ಅಷ್ಟು ತೆಳುವಾದ ಕಾಗದ. ನಿಮ್ಮ ಒರೆಯಲ್ಲಿ ಆ ಕೆಲಸ ಮಾಡುತ್ತಿರುವುದು ಮರ.

ಈ ಕಥೆಗೆ ಇನ್ನೊಂದು ತುದಿ ಇದೆ, ಅದು ನನಗೆ ತುಂಬ ಇಷ್ಟ. 1824ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ಇದೇ ಗುಣವನ್ನು ತಿರುಗಿಸಿ ಬಳಸಿದ. ತಾಮ್ರದ ಹೊದಿಕೆಗೆ ಬೇಕೆಂದೇ ಕಬ್ಬಿಣದ ತುಂಡು ಜೋಡಿಸಿದ. ಕಬ್ಬಿಣ ಸವೆಯಿತು, ತಾಮ್ರ ಉಳಿಯಿತು. ಆದರೆ ಹಡಗಿನ ತಳಕ್ಕೆ ಚಿಪ್ಪುಜೀವಿಗಳು, ಪಾಚಿ ಜಾಸ್ತಿ ಅಂಟತೊಡಗಿದವು. ತಾಮ್ರ ಸ್ವಲ್ಪ ಸ್ವಲ್ಪ ಕರಗುತ್ತಿದ್ದುದರಿಂದಲೇ ಅವು ದೂರ ಇದ್ದದ್ದು! ಹಾಗಾಗಿ ಹಡಗಿಗೆ ಆ ಉಪಾಯ ಒಗ್ಗಲಿಲ್ಲ. ಆದರೆ ಅದು ಬೇರೆ ರೂಪದಲ್ಲಿ ನಿಮ್ಮ ಮನೆಗೇ ಬಂದಿದೆ. ಗೀಸರ್ ಒಳಗಿನ ಮೆಗ್ನೀಸಿಯಂ ಕಡ್ಡಿ ತಾನು ಸವೆದು ಟ್ಯಾಂಕನ್ನು ಉಳಿಸುತ್ತದೆ. ಸರ್ವಿಸ್ ಮಾಡುವಾಗ ‘ಇದು ಬೇಡ’ ಎಂದು ತೆಗೆದು ಬಿಸಾಡಲು ಬಿಡಬೇಡಿ.

ಈಗ ಕಾಯಿಲ್ ವಿಷಯ. ಕಣ್ಣಿಗೆ ಕಾಣುವುದು ಹೊರಗಿನ ಲೋಹದ ಕೊಳವೆ ಮಾತ್ರ. ನಿಜವಾಗಿ ಕಾಯುವ ನೈಕ್ರೋಮ್ ತಂತಿ ಅದರ ನಡುವೆ ಸುರುಳಿಯಾಗಿ ಇರುತ್ತದೆ. ಎರಡರ ಮಧ್ಯೆ ಮೆಗ್ನೀಸಿಯಂ ಆಕ್ಸೈಡ್ ಎಂಬ ಬಿಳಿ ಪುಡಿ ತುಂಬಿ, ಕೊಳವೆಯನ್ನು ಒತ್ತಿ ಸಣ್ಣ ಮಾಡಿರುತ್ತಾರೆ. ಪುಡಿ ಗಟ್ಟಿಯಾಗಿ ಕೂರುತ್ತದೆ. ಬಿಸಿಯನ್ನು ಚೆನ್ನಾಗಿ ದಾಟಿಸುತ್ತದೆ, ಕರೆಂಟನ್ನು ಬಿಡುವುದಿಲ್ಲ. ಇಂಥ ಗುಣ ಇರುವ ವಸ್ತು ಸಿಗುವುದು ಅಪರೂಪ. ಅದರ ಕೊರತೆ ಒಂದೇ, ತೇವವನ್ನು ಹೀರಿಕೊಳ್ಳುತ್ತದೆ. ಕವಚದಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ತೂತಾದರೂ, ತುದಿಯ ಸೀಲ್ ಸಡಿಲವಾದರೂ ನೀರು ಪುಡಿಗೆ ಇಳಿಯುತ್ತದೆ. ಆಗ ತಂತಿಯ ಕರೆಂಟ್ ಕವಚಕ್ಕೆ ಸೋರುತ್ತದೆ.

ನಿಮ್ಮ ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಹಿಡಿದು ನೋಡಿರಬೇಕು. 2 ಕಿಲೋವಾಟ್ ಗೀಸರ್ ಆದರೆ ಸುಮಾರು 26 ಓಮ್ ತೋರಿಸುತ್ತದೆ. ತಂತಿ ತುಂಡಾಗಿಲ್ಲ ಎಂಬುದಕ್ಕೆ ಅಷ್ಟು ಸಾಕು. ಸೋರಿಕೆ ಗೊತ್ತಾಗಬೇಕಾದರೆ ತಂತಿಗೂ ಕವಚಕ್ಕೂ ನಡುವೆ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಸೋರಿಕೆ ಅಳೆಯುವ ಮೀಟರ್) ಇಟ್ಟು ನೋಡಬೇಕು. ಹಾಗೆ ನೋಡಲು ಹೇಳಿ. ತಿಂಗಳುಗಟ್ಟಲೆ ಬಳಸದೆ ತುದಿಯಲ್ಲಿ ಮಾತ್ರ ತೇವ ಹಿಡಿದಿದ್ದರೆ ಒಣಗಿಸಿದಾಗ ಸರಿಹೋಗುವುದೂ ಉಂಟು. ತೂತಾಗಿದ್ದರೆ ಹೊಸ ಕಾಯಿಲೇ ಗತಿ. ಅಲ್ಲಿಯವರೆಗೆ ಆರ್‌ಸಿಸಿಬಿ ತಪ್ಪಿಸಿ ನೇರ ಲೈನ್ ಕೊಟ್ಟು ಸ್ನಾನ ಮಾಡಬೇಡಿ. ಮನೆಯ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರ್‌ ಸೋರಿಕೆಗೆ ಬೀಳುತ್ತದೆ. ಅದು ಬೀಳುತ್ತಿದೆ ಎಂದರೆ ನಿಮ್ಮ ಜೀವ ಕಾಯುತ್ತಿದೆ ಎಂದೇ ಅರ್ಥ.

ತೇವದ ವಿಷಯದಲ್ಲಿ ಇದೇ ಎಚ್ಚರ ನಮ್ಮ ಕೈಗಾ ಅಣು ವಿದ್ಯುತ್ ಸ್ಥಾವರದ ಇಂಧನಕ್ಕೂ ಬೇಕು. ಅಲ್ಲಿನ ಅಣು ಇಂಧನವನ್ನು ಜಿರ್ಕೋನಿಯಂ ಮಿಶ್ರಲೋಹದ ತೆಳು ಕೊಳವೆಗಳಲ್ಲಿ ಮುಚ್ಚಿರುತ್ತಾರೆ. ಇಂಧನದ ಗುಳಿಗೆಯಲ್ಲಿ ತೇವ ಉಳಿದರೆ ಅದರ ಹೈಡ್ರೋಜನ್ ಕೊಳವೆಯನ್ನು ಒಳಗಿನಿಂದಲೇ ಪೆಡಸು ಮಾಡಿ ಒಡೆಯಬಹುದು. ಅದಕ್ಕೇ ಮುಚ್ಚುವ ಮೊದಲು ಪೂರ್ತಿ ಒಣಗಿಸಲೇಬೇಕು.

ಮತ್ತೆ ಕತ್ತಿಗೆ ಬರೋಣ. ಮರ ಅಲಗನ್ನು ಬೆಳ್ಳಿಯಿಂದ ಕಾಪಾಡುತ್ತದೆ ನಿಜ, ಆದರೆ ತಾನೂ ತೇವ ಹಿಡಿದಿಡುತ್ತದೆ. ಹಾಗಾಗಿ ವರ್ಷಪೂರ್ತಿ ಕತ್ತಿಯನ್ನು ಒರೆಯಲ್ಲೇ ಬಿಡಬೇಡಿ. ಸೊಂಟದ ಹಿಂದೆ ಸಿಗಿಸುವ ಒಡಿಕತ್ತಿಗೆ ಒರೆಯೇ ಇಲ್ಲ, ಅದನ್ನು ಸಿಗಿಸುವ ಹಿತ್ತಾಳೆಯ ಹಿಡಿಕೆ ತೋಡಂಗ್ ಮಾತ್ರ, ಅಲ್ವಾ? ಅಲಗಿಗೆ ಗಾಳಿ ಆಡುತ್ತದೆ. ಪೀಚೆಕತ್ತಿಯನ್ನು ಒರೆಸಿ, ಹೊಲಿಗೆ ಮಿಷನ್ ಎಣ್ಣೆ ತೆಳುವಾಗಿ ಸವರಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ. ಕೊಬ್ಬರಿ ಎಣ್ಣೆ ಬೇಡ, ಕಾಲ ಕಳೆದಂತೆ ಕನರಿ ಅಂಟಂಟಾಗುತ್ತದೆ. ಒರೆಯೊಳಗೆ ಎಣ್ಣೆ ಸುರಿಯಬೇಡಿ. ಬೆಳ್ಳಿಯನ್ನು ಹುಣಸೆಹಣ್ಣು ಹಾಕಿ ತೊಳೆಯಲೂ ಬೇಡಿ, ಬೆಸುಗೆಯ ಸಂದಿಯಿಂದ ನೀರು ಮರಕ್ಕೆ ಇಳಿಯುತ್ತದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕೆತ್ತನೆಯ ಸಂದಿಯಲ್ಲಿ ಉಳಿದ ಕಪ್ಪು ಅಂದವೇ, ಅದರಿಂದ ಕೆಲಸ ಎದ್ದು ಕಾಣುತ್ತದೆ.

ಮರ ನಿಜವಾಗಿಯೂ ಲಡ್ಡಾಗಿದ್ದರೆ ಮಾತ್ರ ಬದಲಿಸಿ, ಅದೂ ಮರದಿಂದಲೇ. ಚೆನ್ನಾಗಿ ಒಣಗಿದ ಮರ ಕೊಡಿ, ಹಳೇ ತುಂಡನ್ನೇ ಅಳತೆಗೆ ಇಟ್ಟುಕೊಳ್ಳಲು ಬಡಗಿಗೆ ಹೇಳಿ. ಬೆಳ್ಳಿ ತಗಡು ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆದಿಡಿ.

– ಸಂಪಾದಕ